ಪೀಕ್ ಇಲ್ಲದ ಕಡೆಯೂ ನೋಡು, ಮಗೂ

ಪಿಎಚ್‌ಡಿಗೆ ಹೆಪಾರಾನ್ ಸಲ್ಫೇಟ್ ಆರಿಸಿಕೊಂಡೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷವೂ ಆಯಿತು, ಎದೆ ಸ್ವಲ್ಪ ಅಳುಕಿತು ಕೂಡ. ಪ್ರಾಣಿಗಳ ಅಂಗಾಂಶದಲ್ಲಿ ಸಿಗುವ, ಸಲ್ಫೇಟ್ ಹೊತ್ತ ಈ ಸಕ್ಕರೆ ಸರಪಳಿಗಳ ಹಿಂದೆ ನಾನು ಮೂವತ್ತು ವರ್ಷ ಓಡಾಡಿದ್ದೇನೆ. ಆ ಹಕ್ಕಿನಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೊದಲು ವಸ್ತುವಿನ ಸ್ವಭಾವ ತಿಳಿದುಕೋ. ಡಿಎನ್‌ಎಗೆ, ಪ್ರೋಟೀನಿಗೆ ಒಂದು ಅಚ್ಚು ಇರುತ್ತದೆ. ಈ ಸರಪಳಿಗೆ ಅಚ್ಚಿಲ್ಲ. ಜೀವಕೋಶದ ಗಾಲ್ಗಿಯಲ್ಲಿ ಕಿಣ್ವಗಳು ಸಕ್ಕರೆ ಪೋಣಿಸುತ್ತಾ ಹೋಗುತ್ತವೆ. ಹಿಂದೆಯೇ ಇನ್ನೊಂದು ಬಂದು ಅಸಿಟೈಲ್ ತೆಗೆದು ಸಲ್ಫೇಟ್ ಕೂರಿಸುತ್ತದೆ. ಮತ್ತೊಂದು ಗ್ಲುಕುರಾನಿಕ್ ಆಮ್ಲದ ಐದನೇ ಇಂಗಾಲವನ್ನು ಮಗುಚಿ ಇಡುರಾನಿಕ್ ಆಮ್ಲ ಮಾಡುತ್ತದೆ. ಯಾವುದೂ ಕೆಲಸ ಪೂರ್ತಿ ಮುಗಿಸುವುದಿಲ್ಲ, ಅಲ್ಲಲ್ಲಿ ಬಿಟ್ಟು ಮುಂದೆ ಹೋಗುತ್ತದೆ. ಹೂ ಕಟ್ಟುವವಳ ಕೈಯಲ್ಲಿ ಒಂದು ಮೊಳ ಇದ್ದ ಹಾಗೆ ಇನ್ನೊಂದು ಮೊಳ ಇರುತ್ತದೆಯೇ? ಹಾಗೇ ಇದು. ನಿನ್ನ ನಳಿಕೆಯಲ್ಲಿರುವುದು ಒಂದು ಅಣು ಅಂದುಕೊಳ್ಳಬೇಡ. ಅದೊಂದು ಜಾತ್ರೆ.

ಅದಕ್ಕೇ ಎಲ್ಲರೂ ಕತ್ತರಿಸಿ ನೋಡುತ್ತಾರೆ. ಹೆಪಾರಿನೇಸ್ ಕಿಣ್ವ ಹಾಕಿದರೆ ಸರಪಳಿ ಎರಡೆರಡು ಸಕ್ಕರೆಯ ತುಂಡಾಗುತ್ತದೆ. ಕತ್ತರಿಸಿದ ಜಾಗದಲ್ಲಿ, ಯುರಾನಿಕ್ ಆಮ್ಲದ ನಾಲ್ಕು ಮತ್ತು ಐದನೇ ಇಂಗಾಲದ ನಡುವೆ, ಜೋಡಿಬಂಧ ಮೂಡುತ್ತದೆ. ಅದು 232 ನ್ಯಾನೋಮೀಟರಿನ ಬೆಳಕನ್ನು ಹೀರುವುದರಿಂದಲೇ ಎಚ್‌ಪಿಎಲ್‌ಸಿ ಪರದೆಯ ಮೇಲೆ ನಿನಗೆ ಚಂದದ ಪೀಕ್‌ಗಳು ಕಾಣುವುದು. ಆದರೆ ಅಲ್ಲಿ ಮೊದಲು ಇದ್ದದ್ದು ಗ್ಲುಕುರಾನಿಕ್ಕೋ ಇಡುರಾನಿಕ್ಕೋ ಎಂಬುದನ್ನು ಅಳಿಸಿಹಾಕುವುದೂ ಅದೇ ಜೋಡಿಬಂಧ. ನೈಟ್ರಸ್ ಆಮ್ಲದಿಂದ ಕತ್ತರಿಸು, ಯುರಾನಿಕ್ ಆಮ್ಲ ಉಳಿಯುತ್ತದೆ. ಎನ್-ಸಲ್ಫೇಟ್ ಇದ್ದ ಸಾರಜನಕವೇ ಹೊರಟುಹೋಗುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕು, ಇದೇ ಕುಟುಂಬದ ಇನ್ನೊಂದು ಸರಪಳಿಯಾದ ಕಾಂಡ್ರಾಯ್ಟಿನ್‌ನ ತುಂಡಿನಲ್ಲಿ ಸಲ್ಫೇಟ್ ನಾಲ್ಕನೇ ಜಾಗದಲ್ಲಿರಲಿ, ಆರನೆಯದರಲ್ಲಿರಲಿ, ಎರಡಕ್ಕೂ 458 ಅಂತಲೇ ತೋರಿಸುತ್ತದೆ. ಅದನ್ನು ಇನ್ನೊಮ್ಮೆ ಒಡೆದು ನೋಡಬೇಕು, ಇಲ್ಲವೇ ಕಾಲಮ್‌ನಲ್ಲಿ ಬೇರ್ಪಡಿಸಬೇಕು. ಪ್ರತಿಯೊಂದು ವಿಧಾನವೂ ಒಂದನ್ನು ಹೇಳಲು ಇನ್ನೊಂದನ್ನು ಕಳೆಯುತ್ತದೆ. ಏನು ಕಂಡಿತು ಅಂತ ನೋಟ್‌ಬುಕ್ಕಿನಲ್ಲಿ ಎಲ್ಲರೂ ಬರೆಯುತ್ತಾರೆ. ಏನು ಕಳೆಯಿತು ಅನ್ನುವುದನ್ನು ನೀನು ಪಕ್ಕದಲ್ಲೇ ಬರೆದಿಡು.

ಕಳೆದದ್ದೇ ಮುಖ್ಯವಾಗಿರಬಹುದು, ಮಗೂ. ನಿನ್ನ ಹೆಪಾರಾನ್ ಸಲ್ಫೇಟಿನ ಹತ್ತಿರದ ನೆಂಟ ಹೆಪಾರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಎಂದು 1916ರಿಂದಲೇ ಗೊತ್ತಿತ್ತು. ಸರಪಳಿಯ ಯಾವ ಭಾಗ ಆ ಕೆಲಸ ಮಾಡುತ್ತದೆ ಎಂದು ತಿಳಿಯಲು 1980ರ ಆಸುಪಾಸಿನವರೆಗೆ ಕಾಯಬೇಕಾಯಿತು. ಸ್ವೀಡನ್ನಿನ ಉಲ್ಫ್ ಲಿಂಡಾಲ್, ಇಟಲಿಯ ಬೆನಿಟೊ ಕಾಸು ಮುಂತಾದವರ ಗುಂಪುಗಳು ಬಿಡಿಸಿ ತೋರಿಸಿದ್ದು ಬರೀ ಐದು ಸಕ್ಕರೆಯ ಒಂದು ತುಣುಕು. ಅದರ ನಡುವಿನ ಗ್ಲುಕೋಸಮೀನಿನ ಮೂರನೇ ಜಾಗದಲ್ಲಿ ಒಂದು ಅಪರೂಪದ ಸಲ್ಫೇಟ್. ಅದೊಂದಿಲ್ಲದಿದ್ದರೆ ಹೆಪ್ಪು ತಡೆಯುವ ರಕ್ತದ ಪ್ರೋಟೀನ್ ಆಂಟಿಥ್ರಾಂಬಿನ್ ಆ ತುಣುಕನ್ನು ಹಿಡಿದುಕೊಳ್ಳುವುದೇ ಇಲ್ಲ ಎನ್ನಬಹುದು. ಸುಮಾರು ಮೂರನೇ ಒಂದು ಭಾಗದಷ್ಟು ಹೆಪಾರಿನ್ ಸರಪಳಿಗಳಲ್ಲಿ ಮಾತ್ರ ಆ ತುಣುಕು ಇರುತ್ತದೆ. ಆ ಸಲ್ಫೇಟ್ ಇದ್ದ ಕಡೆ ಹೆಪಾರಿನೇಸ್ ಸಲೀಸಾಗಿ ಕತ್ತರಿಸದೆ ನಾಲ್ಕು ಸಕ್ಕರೆಯ ತುಂಡನ್ನು ಹಾಗೇ ಬಿಡುತ್ತದೆ. ಎರಡು ಸಕ್ಕರೆಯ ಪೀಕ್‌ಗಳನ್ನಷ್ಟೇ ಎಣಿಸಿ ಎದ್ದು ಹೋದವರಿಗೆ ಅದು ಕಾಣುವುದೇ ಇಲ್ಲ.

ಇನ್ನು 2008ರ ಸಂಗತಿ. ಅಮೆರಿಕದಲ್ಲಿ ಹೆಪಾರಿನ್ ಕೊಟ್ಟ ರೋಗಿಗಳ ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಡಯಾಲಿಸಿಸ್‌ನಲ್ಲಿದ್ದ ಮಕ್ಕಳೂ ಅವರಲ್ಲಿದ್ದರು. ಜನ ಸತ್ತರು. ಔಷಧ ಮಾತ್ರ ಎಲ್ಲ ಪರೀಕ್ಷೆ ಪಾಸಾಗಿತ್ತು. ಅದರಲ್ಲಿ ಬೆರೆತಿದ್ದದ್ದು ಅತಿಯಾಗಿ ಸಲ್ಫೇಟ್ ಹೇರಿದ ಕಾಂಡ್ರಾಯ್ಟಿನ್. ಅದೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಹಾಗಾಗಿ ಹೆಪ್ಪಿನ ಪರೀಕ್ಷೆ ಅದನ್ನು ಒಳಗೆ ಬಿಟ್ಟಿತು. ಎನ್‌ಎಂಆರ್‌ನಲ್ಲಿ ನೋಡಿದಾಗ ಹೆಪಾರಿನ್‌ನ ಅಸಿಟೈಲ್ ಗುರುತು ಇರುವ 2.04 ಪಿಪಿಎಂ ಪಕ್ಕ, 2.15ರ ಹತ್ತಿರ, ಇರಬಾರದ ಇನ್ನೊಂದು ಗುರುತು ನಿಂತಿತ್ತು. ಆ ಕಲಬೆರಕೆಯ ರಚನೆ ಬಿಡಿಸಿದವರಲ್ಲಿ ಬೆಂಗಳೂರಿನಲ್ಲಿ ಪದವಿ ಓದಿ ಎಂಐಟಿ ಸೇರಿದ ರಾಮ್ ಶಶಿಶೇಖರನ್ ಇದ್ದರು, ಆ ಹಳೆಯ ಕಾಸು ಅವರೂ ಇದ್ದರು. ‘ಇದು ಕೆಲಸ ಮಾಡುತ್ತದೆಯೇ’ ಎಂದು ಕೇಳುವುದು ಬೇರೆ, ‘ಇದು ಏನು’ ಎಂದು ಕೇಳುವುದು ಬೇರೆ. ನೀನು ಓದಲು ಹೊರಟಿರುವುದು ಎರಡನೆಯದನ್ನು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕುರಿಯ ಕರುಳಿನಿಂದ ಆರು ವಾರ ಒದ್ದಾಡಿ ತೆಗೆದ ಮಾದರಿಯನ್ನು ಒಮ್ಮೆ ಆಮ್ಲರೂಪದ ರೆಸಿನ್ ಕಾಲಮ್‌ನಲ್ಲಿ ಇಳಿಸಿದೆ. ಇಳಿದ ಕೂಡಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಏಳಕ್ಕೆ ತರಬೇಕು. ಮಾರನೇ ದಿನ ಗೌರಿ ಹಬ್ಬ, ಊರಿನ ಬಸ್ಸು ತಪ್ಪುತ್ತದೆ ಅಂತ ಬೀಕರನ್ನು ಮೇಜಿನ ಮೇಲೇ ಬಿಟ್ಟು ಓಡಿದೆ. ಮೂರು ದಿನ ಬಿಟ್ಟು ಬಂದು ಅಳೆದರೆ ಎನ್-ಸಲ್ಫೇಟ್ ತೀರಾ ಕಡಿಮೆ. ಹೊಸ ರಚನೆ ಸಿಕ್ಕಿತು ಅಂತ ಹಿಗ್ಗಿ ಹಿಗ್ಗಿ ಮೇಷ್ಟ್ರಿಗೆ ತೋರಿಸಿದೆ. ಅವರು ಏನೂ ಹೇಳದೆ ಉಳಿದ ದ್ರಾವಣಕ್ಕೆ ಎರಡು ಹನಿ ಬೇರಿಯಂ ಕ್ಲೋರೈಡ್ ಹಾಕಿದರು. ಹಾಲು ಚೆಲ್ಲಿದ ಹಾಗೆ ಬಿಳಿ ಮೋಡ ಎದ್ದಿತು. ಸರಪಳಿ ತನ್ನದೇ ಆಮ್ಲದಲ್ಲಿ ಸಲ್ಫೇಟ್ ಉದುರಿಸಿಕೊಂಡಿತ್ತು. ಆ ದಿನ ಮೇಷ್ಟ್ರು ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಬಿಳಿ ಮೋಡ ಇವತ್ತಿಗೂ ಕಣ್ಣ ಮುಂದಿದೆ.

ಆದ್ದರಿಂದ ಕಾಲಮ್ ಹಾಕಿದ ದಿನ ಕೊನೆಯ ನಳಿಕೆ ತುಂಬಿ, ಪಿಎಚ್ ಸರಿಹೋಗುವವರೆಗೂ ಅಲ್ಲೇ ಇರು. ಹಬ್ಬಕ್ಕೆ ತಡವಾಗಿ ಬಂದರೂ ಮನೆಯವರು ಊಟ ಎತ್ತಿಟ್ಟಿರುತ್ತಾರೆ. ಹೊಸ ಮಾದರಿ ಕೈಗೆ ಬಂದಾಗ, ಅದು ಎಷ್ಟೇ ಕಡಿಮೆ ಇರಲಿ, ಅರ್ಧ ಭಾಗವನ್ನು ಮುಟ್ಟದೆ ಮೈನಸ್ 20ರ ಫ್ರೀಜರಿನಲ್ಲಿ ಇಡು. ಮೇಲೆ ತಾರೀಖು ಬರೆಯುವುದನ್ನು ಮರೆಯಬೇಡ.