ಹೊಂಡದ ಮೀನುಗಳಿಗೆ ಹೇನು ಮತ್ತು ಲಂಗರು ಹುಳುಗಳ ಬಾಧೆ: ಹತೋಟಿ ಕ್ರಮಗಳು

ಅಥಣಿ ತಾಲ್ಲೂಕಿನ ತೆಲಸಂಗ ಭಾಗವು ಮಳೆಯನ್ನೇ ನಂಬಿದ ಒಣ ಪ್ರದೇಶ. ದ್ರಾಕ್ಷಿ ತೋಟಗಳಿಗೆ ನೀರು ಹಿಡಿದಿಡಲು ಇಲ್ಲಿನ ರೈತರು ಹೊಂಡಗಳನ್ನು ಅವಲಂಬಿಸಿದ್ದಾರೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣ ಪ್ರದೇಶಗಳಲ್ಲಿ ಇಂತಹ ಹೊಂಡಗಳು ಹೆಚ್ಚಿದವು. ಇದೇ ನೀರಿನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನಾಗಲಿ, ಗೋಲ್ಡ್‌ಫಿಶ್, ಕೋಯ್‌ನಂತಹ ಅಲಂಕಾರಿಕ ಮೀನುಗಳನ್ನಾಗಲಿ ಸಾಕಿ ಉಪ ಆದಾಯ ಪಡೆಯಬಹುದು. ಆದರೆ ಬೇಸಿಗೆಯಲ್ಲಿ ನೀರು ಇಳಿದು, ಕಾವು ಏರಿ, ಮೀನುಗಳ ದಟ್ಟಣೆ ಹೆಚ್ಚಿದಾಗ ಪರೋಪಜೀವಿಗಳು ಬೇಗ ಹಬ್ಬುತ್ತವೆ. ಅಲಂಕಾರಿಕ ಮೀನಿನ ಬೆಲೆ ಅದರ ಅಂದದಲ್ಲಿದೆ. ಮೈಮೇಲೆ ಗಾಯವಾದರೆ ಮೀನು ಬದುಕಿದ್ದರೂ ಮಾರಾಟವಾಗದು.

ಕೀಟಗಳ ಪರಿಚಯ

ಇವೆರಡೂ ಏಡಿ, ಸೀಗಡಿಗಳ ವರ್ಗಕ್ಕೆ ಸೇರಿದ ಜೀವಿಗಳು.

ಮೀನಿನ ಹೇನು (ಆರ್ಗ್ಯುಲಸ್): ಚಪ್ಪಟೆಯಾಗಿದ್ದು ಬರಿಗಣ್ಣಿಗೆ ಕಾಣುತ್ತದೆ. ಎರಡು ಹೀರುಬಟ್ಟಲುಗಳಿಂದ ಮೀನಿನ ಮೈಗೆ ಅಂಟಿಕೊಂಡು, ಮುಳ್ಳಿನಂತಹ ಅಂಗದಿಂದ ಚುಚ್ಚುತ್ತದೆ. ಮೀನನ್ನು ಬಿಟ್ಟು ಈಜಬಲ್ಲದು. ಮೊಟ್ಟೆಗಳನ್ನು ಮೀನಿನ ಮೇಲೆ ಇಡದೆ ಕಲ್ಲು, ಕೋಲು, ಗೋಡೆಗಳ ಮೇಲೆ ಸಾಲಾಗಿ ಅಂಟಿಸುತ್ತದೆ.

ಲಂಗರು ಹುಳು (ಲರ್ನಿಯ): ಹೆಣ್ಣು ಹುಳು ಮಾತ್ರ ತನ್ನ ಲಂಗರಿನಂತಹ ತಲೆಯನ್ನು ಮೀನಿನ ಮಾಂಸದಲ್ಲಿ ಹೂಳುತ್ತದೆ. ಹೊರಗೆ ದಾರದಂತಹ ದೇಹವೂ, ತುದಿಯಲ್ಲಿ ಎರಡು ಮೊಟ್ಟೆಚೀಲಗಳೂ ಕಾಣುತ್ತವೆ. ಬೆಚ್ಚಗಿನ ನೀರಿನಲ್ಲಿ ಇದರ ಒಂದು ಪೀಳಿಗೆ ಸುಮಾರು ಮೂರು ವಾರಗಳಲ್ಲಿ ಮುಗಿಯುತ್ತದೆ.

ಬಾಧೆಯ ಚಿಹ್ನೆಗಳು

ಮೀನುಗಳು ಹೊಂಡದ ಅಂಚಿಗೆ ಮೈ ಉಜ್ಜುತ್ತವೆ, ಮೇಲಕ್ಕೆ ನೆಗೆಯುತ್ತವೆ, ಮೇವು ಬಿಡುತ್ತವೆ. ರೆಕ್ಕೆಗಳ ಬುಡದಲ್ಲಿ ಕೆಂಪು ಕಲೆಗಳು ಏಳುತ್ತವೆ. ಚುಚ್ಚಿದ ಗಾಯದ ಮೂಲಕ ಬ್ಯಾಕ್ಟೀರಿಯ ಮತ್ತು ಬೂಷ್ಟು ಸೇರುತ್ತವೆ. ಎಷ್ಟೋ ಮೀನುಗಳು ಸಾಯುವುದು ಈ ಎರಡನೆಯ ಸೋಂಕಿನಿಂದಲೇ. ಆದುದರಿಂದ ವಾರಕ್ಕೊಮ್ಮೆ ಬಲೆ ಹಾಕಿ ಹತ್ತಾರು ಮೀನುಗಳನ್ನು ಪರೀಕ್ಷಿಸಬೇಕು.

ಹಳೆಯ ಔಷಧಿಗಳು ಸಲ್ಲವು

ಹಿಂದೆ ಮೀನಿನ ಹೇನಿಗೆ ಬಿ.ಎಚ್.ಸಿ., ಟ್ರೈಕ್ಲೋರ್‌ಫಾನ್, ಡೈಕ್ಲೋರ್‌ವಾಸ್‌ಗಳನ್ನು ಶಿಫಾರಸು ಮಾಡಲಾಗುತ್ತಿತ್ತು. ಭಾರತದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು. ಉಳಿದೆರಡನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಪುಸ್ತಕ ನೋಡಿ ಇವುಗಳನ್ನು ಬಳಸಕೂಡದು. ತೊಗರಿ, ಹತ್ತಿಗೆ ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳನ್ನು ಅಂದಾಜಿನ ಮೇಲೆ ಹೊಂಡಕ್ಕೆ ಸುರಿಯುವುದೂ ಅಪಾಯ. ಅವು ಮೀನಿಗೆ ಅತಿ ವಿಷಕಾರಿ. ಅಲ್ಲದೆ ಅದೇ ನೀರು ಬಳ್ಳಿಗೂ ದನಗಳಿಗೂ ಹೋಗುತ್ತದೆ.

ಹತೋಟಿ ಕ್ರಮಗಳು

1. ಹೊಸ ಮೀನುಗಳನ್ನು ತಂದ ಕೂಡಲೇ ಹೊಂಡಕ್ಕೆ ಬಿಡದೆ, ಬೇರೆ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು ಪರೀಕ್ಷಿಸಬೇಕು. ಬೇರೆ ಊರಿನಿಂದ ತಂದ ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು.

2. ಹೇನಿನ ಮೊಟ್ಟೆಗೆ ಬಲೆಯಂತೆ ಹೊಂಡದಲ್ಲಿ ಅಲ್ಲಲ್ಲಿ ಬಿದಿರಿನ ಗಳು ಅಥವಾ ಮರದ ಹಲಗೆಗಳನ್ನು ಮುಳುಗಿಸಿಡಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಹಾಳೆ ಹರಿಯದಂತೆ ಇವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ವಾರಕ್ಕೊಮ್ಮೆ ಹೊರತೆಗೆದು, ಮೊಟ್ಟೆಗಳನ್ನು ಕೆರೆದು, ಬಿಸಿಲಿಗೆ ಒಣಗಿಸಿ ಮತ್ತೆ ಇಡಬೇಕು. ಮೊಟ್ಟೆ ಒಡೆಯಲು ಬೇಸಿಗೆಯಲ್ಲೂ ಹತ್ತು ದಿನಗಳಷ್ಟು ಬೇಕಾಗುವುದರಿಂದ, ವಾರದ ಗಡುವು ತಪ್ಪಬಾರದು.

3. ಅಲಂಕಾರಿಕ ಮೀನುಗಳು ಕೆಲವೇ ಇದ್ದಲ್ಲಿ ಲಂಗರು ಹುಳುವನ್ನು ಚಿಮಟದಿಂದ ಬುಡದಲ್ಲೇ ಹಿಡಿದು ನಿಧಾನವಾಗಿ ಎಳೆಯಬೇಕು. ನಡುವೆ ಹಿಡಿದರೆ ತಲೆ ಒಳಗೇ ಉಳಿದು ಗಾಯ ಕೀವಾಗುತ್ತದೆ. ಗಾಯಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಬೇಕು.

4. ಹೇನುಗಳು ಕಳಚಲು ಉಪ್ಪಿನ ಸ್ನಾನ ಸಹಾಯಕ. 10 ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ, ಮೀನನ್ನು ಐದು ನಿಮಿಷ ಬಿಡಬೇಕು. ಮೊದಲು ಒಂದೆರಡು ಮೀನುಗಳಲ್ಲಿ ಪರೀಕ್ಷಿಸಬೇಕು. ಮೀನು ಮಗುಚಿದರೆ ತಕ್ಷಣ ಒಳ್ಳೆಯ ನೀರಿಗೆ ಬಿಡಬೇಕು. ಸ್ನಾನದ ನೀರನ್ನು ಹೊಂಡಕ್ಕಾಗಲಿ, ಬೆಳೆಗಾಗಲಿ ಚೆಲ್ಲಬಾರದು.

5. ಬಾಧೆ ಇಡೀ ಹೊಂಡಕ್ಕೆ ಹಬ್ಬಿದ್ದರೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳ ಸಲಹೆಯಂತೆ ಮಾತ್ರ ಔಷಧಿ ಬಳಸಬೇಕು. ಔಷಧಿಯು ಈಜುವ ಮರಿಗಳನ್ನು ಕೊಂದರೂ ಮೊಟ್ಟೆಗಳು ಉಳಿಯುತ್ತವೆ. ಒಂದೇ ಸಲ ಹಾಕಿ ಕೈಬಿಟ್ಟರೆ ಬಾಧೆ ಮರುಕಳಿಸುತ್ತದೆ. ಸಲಹೆಯಂತೆ ಮತ್ತೆ ಮತ್ತೆ ಕೊಡುವುದು ಅಗತ್ಯ. ತಿನ್ನುವ ಮೀನಾದರೆ ಔಷಧಿ ಕೊಟ್ಟ ನಂತರ ಎಷ್ಟು ದಿನ ಹಿಡಿಯಬಾರದೆಂಬುದನ್ನೂ ಕೇಳಿ ತಿಳಿಯಬೇಕು.

6. ಮೀನು ಹಿಡಿದ ಮೇಲೆ ಹೊಂಡವನ್ನು ಬರಿದು ಮಾಡಿ, ಹಾಳೆಯನ್ನು ಉಜ್ಜಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಮಣ್ಣಿನ ಹೊಂಡವಾದರೆ ತಳ ಬಿರುಕು ಬಿಡುವವರೆಗೆ ಒಣಗಿಸಬೇಕು. ಮುಂದಿನ ಮಳೆಯ ನೀರು ತುಂಬುವ ಮೊದಲು ಈ ಕೆಲಸ ಮುಗಿದಿರಬೇಕು.

ದ್ರಾಕ್ಷಿಗೆ ನೀರು ಹಾಯಿಸಿದಂತೆ ಹೊಂಡದ ಮಟ್ಟ ಇಳಿಯುವುದು ಸಹಜ. ನೀರು ಇಳಿದಂತೆ ದೊಡ್ಡ ಮೀನುಗಳನ್ನು ಹಿಡಿದು ಮಾರಿ ದಟ್ಟಣೆ ತಗ್ಗಿಸುವ ರೈತರಿಗೆ ಔಷಧಿಯ ಖರ್ಚೂ ಉಳಿಯುತ್ತದೆ, ಉಳಿದ ಮೀನುಗಳೂ ಆರೋಗ್ಯವಾಗಿರುತ್ತವೆ. ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.