ಎತ್ತರದ ಮೋಡದಲ್ಲಿ ಹಿಮದ ಹರಳು

ಹಿಂಜಿದ ಅರಳೆಯಂಥ ಬಿಳಿಮೋಡ ಕಂಡೊಡನೆ ಕೂರಿಗೆ ಹೂಡಲು ಅವಸರಪಡುವವರಿದ್ದಾರೆ. ರೈತ ಬಾಂಧವರೇ, ಬಹು ಎತ್ತರದ ಆ ಮೋಡದಲ್ಲಿರುವುದು ನೀರಹನಿಯಲ್ಲ, ಹಿಮದ ಹರಳು.

ಕೆರೆಗೆ ಕಲ್ಲೆಸೆದರೆ ಅಲೆ ಏಳುವಂತೆ, ಬೆಟ್ಟ ದಾಟುವ ಗಾಳಿಯೂ ಗುಡುಗುಮೋಡವೂ ವಾಯುಮಂಡಲದಲ್ಲಿ ಅಲೆ ಎಬ್ಬಿಸುತ್ತವೆ. ಅಲೆಯೊಡನೆ 100 ಮೀಟರ್ ಮೇಲೇರಿದ ಗಾಳಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ಅಲ್ಲಿಯ ಕೊರೆಯುವ ಚಳಿಯಲ್ಲಿ, ಆವಿ ಸಾಕಷ್ಟಿದ್ದರೆ, ಇಷ್ಟು ತಂಪಿಗೇ ಹರಳು ಕಟ್ಟಬಹುದು. ಗಾಳಿ ರಭಸದಿಂದ ಏರಿದರೆ ಹರಳು ಹೆಚ್ಚು, ಗಾತ್ರ ಸಣ್ಣದು. ನಿಧಾನವಾಗಿ ಏರಿದರೆ ಕಡಿಮೆ, ಆದರೆ ದಪ್ಪ. 2014ರಲ್ಲಿ ಪಶ್ಚಿಮ ಪೆಸಿಫಿಕ್ ಸಾಗರದ ಮೇಲೆ ನಾಸಾದ ಚಾಲಕರಹಿತ ವಿಮಾನ ಅಳೆದಾಗ, ಅಲೆಯು ಗಾಳಿಯನ್ನು ತಣಿಸುವೆಡೆಯಲ್ಲೇ ಹರಳು ಹೆಚ್ಚಾಗಿ ಸಿಕ್ಕಿತು.

ಈ ಹರಳು ಇಳಿಯುವಾಗ ಸಾಮಾನ್ಯವಾಗಿ ದಾರಿಯಲ್ಲೇ ಆವಿಯಾಗುತ್ತದೆ, ಹೊಲ ಮುಟ್ಟದು. ಈ ಮೋಡವನ್ನೇ ನಂಬಿ ಬೀಜ ಹಾಕದಿರಿ, ಹದಮಳೆಗೆ ಕಾಯಿರಿ.