ಫೋಟೊಗ್ರಾಫರ್ ಬಳಿ ಇಂಟರ್ನ್‌ಶಿಪ್
ವೃತ್ತಿಪರ ಛಾಯಾಗ್ರಾಹಕರ ಬಳಿ ಇಂಟರ್ನ್‌ಶಿಪ್‌ಗೆ ಸೇರುವ ವಿದ್ಯಾರ್ಥಿಯ ಕೈಗೆ ಮೊದಲ ದಿನವೇ ಕ್ಯಾಮೆರಾ ಬರುವುದು ಅಪರೂಪ. ಲೈಟ್ ಸ್ಟ್ಯಾಂಡ್ ಹಿಡಿಯುವುದು, ಬ್ಯಾಟರಿ ಚಾರ್ಜ್ ಮಾಡುವುದು, ರಾತ್ರಿ ಚಿತ್ರಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಇಳಿಸಿ, ತೆರೆದು ನೋಡಿದ ಮೇಲಷ್ಟೇ ಮೆಮೊರಿ ಕಾರ್ಡ್ ಅಳಿಸುವುದು: ಕಲಿಕೆ ಶುರುವಾಗುವುದು ಇಲ್ಲಿಂದ. ಧಾರೆಯ ಹೊತ್ತಿಗೆ ಛತ್ರದ ಹಳದಿ ದೀಪಕ್ಕೆ ಫ್ಲ್ಯಾಶಿನ ಬಿಳಿ ಬೆಳಕು ಬೆರೆತು ವಧುವಿನ ಮುಖದ ಬಣ್ಣ ಕೆಡುವುದನ್ನು ಪಕ್ಕದಲ್ಲೇ ನಿಂತು ಕಂಡವರಿಗೆ ವೈಟ್ ಬ್ಯಾಲೆನ್ಸ್ ಪಾಠ ಬೇರೆ ಬೇಕಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದೆ ಸ್ಟುಡಿಯೊಗಳಿಗೆ ಬಿಡುವು. ಅವಕಾಶ ಕೇಳಲು ಅದೇ ಸಕಾಲ. ಭತ್ಯೆ, ಊಟ, ಪ್ರಯಾಣವೆಚ್ಚ ಮೊದಲೇ ಬರಹದಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಅಪ್ರೆಂಟಿಸ್ ಕರಾರಿನಡಿ ತೆಗೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಉದ್ಯೋಗದಾತರದ್ದು. ಹಾಗಾಗಿ ಪೋರ್ಟ್‌ಫೋಲಿಯೊದಲ್ಲಿ ಬಳಸುವ ಅನುಮತಿಯನ್ನೂ ಸೇರುವ ಮುನ್ನವೇ ಬರೆಸಿಕೊಳ್ಳುವುದು ಒಳ್ಳೆಯದು.